ಸೀತಾಳೆ ದಂಡೆ

ಮುಂಗಾರು ಶುರುವಾಗುವ ಹೊತ್ತಿಗೆ ಮಲೆನಾಡಿನ ಮಾವು, ಹಲಸಿನ ಕೊಂಬೆಗಳಿಂದ ಜಡೆಯ ಹಾಗೆ ಇಳಿಬೀಳುವ ಹೂಗೊಂಚಲು ಸೀತಾಳೆ ದಂಡೆ. ಬಿಳಿ ಎಸಳು, ಅದರ ಮೇಲೆ ನಸುನೇರಳೆ ಚುಕ್ಕೆ. ವನವಾಸದಲ್ಲಿ ಸೀತೆ ಮುಡಿದ ಹೂವೆಂದು ಅಲ್ಲಿನವರ ನಂಬಿಕೆ. ಅಸ್ಸಾಂ ರಾಜ್ಯದ ಹೂವೂ ಇದೇ. ಬಿಹು ಕುಣಿತಕ್ಕೆ ಹೆಣ್ಣುಮಕ್ಕಳು ಇದನ್ನು ಮುಡಿಯುತ್ತಾರೆ.

ಬಂದಳಿಕೆಯೆಂದು ಇದನ್ನು ಕಿತ್ತೆಸೆಯುವವರಿದ್ದಾರೆ. ಅದು ಅನ್ಯಾಯ. ಬಂದಳಿಕೆ ಮರದೊಳಕ್ಕೆ ಬೇರಿಳಿಸಿ ರಸ ಹೀರುತ್ತದೆ. ಸೀತಾಳೆಗೆ ಬೇಕಾದದ್ದು ನಿಲ್ಲಲು ಜಾಗ ಮಾತ್ರ. ಅದರ ಬೇರನ್ನು ಹತ್ತಿರದಿಂದ ನೋಡಿ: ಬೆಳ್ಳಗೆ, ದಪ್ಪಗಿರುತ್ತದೆ. ನೀರು ಚಿಮುಕಿಸಿದರೆ ಕಣ್ಣೆದುರೇ ಹಸಿರಾಗುತ್ತದೆ. ಆ ಬಿಳಿ ಹೊದಿಕೆಯೇ ಮಳೆ, ಮಂಜಿನ ನೀರನ್ನು ಹೀರಿಕೊಳ್ಳುವುದು.

ಮೈಸೂರಿನ ನಮ್ಮ ಬೋಗಾದಿಯ ಮನೆಯಂಗಳದಲ್ಲೂ ಇದು ಬೆಳೆಯಬಲ್ಲದು. ಮಣ್ಣು ಬೇಡ; ಹೂತರೆ ಬೇರು ಕೊಳೆಯುತ್ತದೆ. ಮಾವಿನ ಮರದ ಒರಟು ತೊಗಟೆಗೆ ತೆಂಗಿನ ನಾರಿನಿಂದ ಕಟ್ಟಿ. ಬೆಳಗಿನ ಬಿಸಿಲು ಬೀಳಲಿ, ಮಧ್ಯಾಹ್ನ ಎಲೆಗಳ ನೆರಳಿರಲಿ. ಮಲೆನಾಡಿನ ತೇವ ಮೈಸೂರಿನ ಮಾರ್ಚ್, ಏಪ್ರಿಲ್‌ನಲ್ಲಿ ಸಿಗದು. ಆಗ ಬೆಳಿಗ್ಗೆ, ಸಂಜೆ ನೀರು ಚಿಮುಕಿಸಲೇಬೇಕು. ಮೊದಲ ವರ್ಷ ಹೂ ಬಿಡದಿದ್ದರೆ ಬೇಸರ ಬೇಡ. ಹೊಸ ಬೇರು ತೊಗಟೆಯನ್ನು ಅಪ್ಪಿತೆಂದರೆ ಗಿಡ ಗೆದ್ದ ಲೆಕ್ಕ.

ಇದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರದ ದಾಸ್ತಾನಿಲ್ಲ. ಕಾಡಿನಲ್ಲಿ ತಕ್ಕ ಶಿಲೀಂಧ್ರ ಜೊತೆಗೂಡಿದರಷ್ಟೇ ಮೊಳೆಯುತ್ತದೆ. ಹೂ ಕಾಣಲು ವರ್ಷಗಳೇ ಬೇಕು. ಆದ್ದರಿಂದ ಕಾಡಿನಿಂದ ಕಿತ್ತು ತಂದ ಗಿಡವನ್ನು ದಯವಿಟ್ಟು ಕೊಳ್ಳಬೇಡಿ. ನರ್ಸರಿಯಲ್ಲೇ ಬೆಳೆಸಿದ್ದು ಹೌದೋ ಎಂದು ಕೇಳಿ, ಖಾತ್ರಿ ಮಾಡಿಕೊಂಡು ತನ್ನಿ.