ಕಾಯುವಿಕೆಯೂ ಓದಿನ ಭಾಗ: ದೀರ್ಘ ಫ್ಯಾಂಟಸಿ ಸರಣಿ ಮತ್ತು ಓದುಗರ ಅಭಿಪ್ರಾಯ
(ವಿಚಾರ ಸಂಕಿರಣದ ಆಶಯ ಭಾಷಣ)

ಈ ಸಂಕಿರಣವು ಚರ್ಚೆಗೆ ಎತ್ತಿಕೊಂಡಿರುವುದು ಎಪಿಕ್ ಫ್ಯಾಂಟಸಿ ಸರಣಿಗಳ ಬಗೆಗೆ ಓದುಗರು ತಳೆಯುವ ಅಭಿಪ್ರಾಯಗಳನ್ನು. ತನ್ನದೇ ಭೂಗೋಳ, ಇತಿಹಾಸ ಮತ್ತು ಮಾಂತ್ರಿಕ ನಿಯಮಗಳುಳ್ಳ ಕಲ್ಪಿತ ಲೋಕವೊಂದನ್ನು ಕಟ್ಟಿ, ಆ ಲೋಕದ ಅಳಿವು ಉಳಿವಿನ ಕಥೆಯನ್ನು ಹತ್ತಾರು ಪಾತ್ರಗಳ ಮೂಲಕ ಸಂಪುಟದಿಂದ ಸಂಪುಟಕ್ಕೆ ಬೆಳೆಸುವ ಕಾದಂಬರಿ ಪ್ರಕಾರಕ್ಕೆ ಎಪಿಕ್ ಫ್ಯಾಂಟಸಿ ಎಂಬ ಹೆಸರಿದೆ. ಇಂತಹ ಕೃತಿಗಳ ಓದುಗರ ಮಾತನ್ನು ಮಾರಾಟದ ಲೆಕ್ಕಕ್ಕೆ ಇಳಿಸುವುದು ಇಲ್ಲವೇ ಅಭಿಮಾನಿಗಳ ಅತಿರೇಕವೆಂದು ತಳ್ಳಿಹಾಕುವುದು ವಿಮರ್ಶೆಯ ವಲಯದಲ್ಲಿ ರೂಢಿಯಾಗಿದೆ. ಎರಡೂ ನಿಲುವುಗಳು ಒಂದು ಮುಖ್ಯ ಸಂಗತಿಯನ್ನು ಕಡೆಗಣಿಸುತ್ತವೆ. ಸರಣಿಯ ಓದುಗರು ತೀರ್ಪು ನೀಡುವ ಹೊತ್ತಿಗೆ ಕೃತಿ ಇನ್ನೂ ಮುಗಿದಿರುವುದಿಲ್ಲ. ಹಾಗಾಗಿ ಅವರ ತೀರ್ಪಿನಲ್ಲಿ ಪಠ್ಯದ ಗುಣದೋಷಗಳ ಜೊತೆಗೆ ಅವರು ಕಾದ ಕಾಲವೂ ಸೇರಿಕೊಂಡಿರುತ್ತದೆ. ಈ ವಿಚಾರವನ್ನು ಅಮೆರಿಕದ ಲೇಖಕ ರಾಬರ್ಟ್ ಜೋರ್ಡಾನ್ ಅವರ ‘ದಿ ವ್ಹೀಲ್ ಆಫ್ ಟೈಮ್’ ಸರಣಿಯನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ ನಗರದಲ್ಲಿ 1948ರಲ್ಲಿ ಹುಟ್ಟಿದ, ವಿಯೆಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿದ ಜೇಮ್ಸ್ ಆಲಿವರ್ ರಿಗ್ನಿ ಅವರ ಕಾವ್ಯನಾಮವೇ ರಾಬರ್ಟ್ ಜೋರ್ಡಾನ್. ಸರಣಿಯ ಮೊದಲ ಸಂಪುಟ ‘ದಿ ಐ ಆಫ್ ದಿ ವರ್ಲ್ಡ್’ 1990ರಲ್ಲಿ ಟಾರ್ ಬುಕ್ಸ್ ಸಂಸ್ಥೆಯಿಂದ ಪ್ರಕಟವಾಯಿತು. ಸರಣಿಯ ಸಂಪಾದಕಿಯಾಗಿದ್ದವರು ಲೇಖಕರ ಪತ್ನಿ ಹ್ಯಾರಿಯೆಟ್ ಮೆಕ್‌ಡೂಗಲ್. ಕಾಲವು ಏಳು ಯುಗಗಳ ಚಕ್ರವಾಗಿ ತಿರುಗುತ್ತಿರುತ್ತದೆ, ಒಮ್ಮೆ ನಡೆದದ್ದು ಮರೆತುಹೋಗಿ ಮತ್ತೆ ಮರಳುತ್ತದೆ ಎಂಬ ಕಲ್ಪನೆಯ ಮೇಲೆ ನಿಂತ ಈ ಕಥೆಯು 2013ರ ಜನವರಿಯಲ್ಲಿ ಬಂದ ಹದಿನಾಲ್ಕನೆಯ ಸಂಪುಟ ‘ಎ ಮೆಮೊರಿ ಆಫ್ ಲೈಟ್’ನೊಂದಿಗೆ ಮುಗಿಯಿತು. ಇವುಗಳ ಜೊತೆಗೆ ಪೂರ್ವಕಥೆಯೊಂದು 2004ರಲ್ಲಿ ಪುಸ್ತಕವಾಗಿ ಬಂದಿತ್ತು. ಆರಂಭದಿಂದ ಅಂತ್ಯದವರೆಗೆ ಇಪ್ಪತ್ತಮೂರು ವರ್ಷಗಳು ಸಂದಿದ್ದವು. ಹದಿಹರೆಯದಲ್ಲಿ ಮೊದಲ ಸಂಪುಟವನ್ನು ಕೈಗೆತ್ತಿಕೊಂಡವರು ನಡುವಯಸ್ಸಿನಲ್ಲಿ ಕೊನೆಯದನ್ನು ಮುಚ್ಚಿಟ್ಟರು.

ಓದುಗರ ಪಾತ್ರವನ್ನು ವಿವೇಚಿಸಿದ ಜರ್ಮನ್ ಚಿಂತಕರಲ್ಲಿ ಇಬ್ಬರ ವಿಚಾರಗಳು ಇಲ್ಲಿ ನೆರವಿಗೆ ಬರುತ್ತವೆ. ಹ್ಯಾನ್ಸ್ ರಾಬರ್ಟ್ ಯಾಸ್ ಅವರು ‘ನಿರೀಕ್ಷೆಯ ದಿಗಂತ’ ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ಹಿಂದಿನ ಓದಿನಿಂದಲೂ ಪ್ರಕಾರದ ಪರಿಚಯದಿಂದಲೂ ರೂಪುಗೊಂಡ ನಿರೀಕ್ಷೆಗಳ ಹಿನ್ನೆಲೆಯಲ್ಲಿಯೇ ಹೊಸ ಕೃತಿಯೊಂದು ಸ್ವೀಕೃತವಾಗುತ್ತದೆ ಎಂಬುದು ಇದರ ತಾತ್ಪರ್ಯ. ವುಲ್ಫ್‌ಗಾಂಗ್ ಐಸರ್ ಅವರು ಪಠ್ಯದಲ್ಲಿ ಲೇಖಕ ಹೇಳದೆ ಬಿಟ್ಟ ತೆರವುಗಳನ್ನು ಓದುಗ ತನ್ನ ಕಲ್ಪನೆಯಿಂದ ತುಂಬಿಕೊಳ್ಳುವ ಕ್ರಿಯೆಗೆ ಒತ್ತು ಕೊಟ್ಟರು. ಕಂತುಗಳಲ್ಲಿ ಪ್ರಕಟವಾಗುತ್ತಿದ್ದ ಹತ್ತೊಂಬತ್ತನೆಯ ಶತಮಾನದ ಕಾದಂಬರಿಗಳನ್ನು ಓದುಗರು ಪುಸ್ತಕರೂಪಕ್ಕಿಂತ ಹೆಚ್ಚಾಗಿ ಮೆಚ್ಚಿದ್ದುಂಟು, ಕಥೆ ಕುತೂಹಲದ ಘಟ್ಟದಲ್ಲಿ ನಿಂತಾಗ ಮುಂದೇನಾದೀತೆಂದು ಊಹಿಸುವ ಅವಕಾಶವೇ ಅದಕ್ಕೆ ಕಾರಣ ಎಂಬುದನ್ನೂ ಅವರು ಗುರುತಿಸಿದ್ದರು. ಆದರೆ ಡಿಕನ್ಸ್‌ನ ಕಾಲದ ಓದುಗರು ಕಾಯುತ್ತಿದ್ದದ್ದು ವಾರ ಅಥವಾ ತಿಂಗಳ ಅವಧಿಗೆ, ಜೋರ್ಡಾನ್ ಅವರ ಓದುಗರು ಕಾದದ್ದು ವರ್ಷಗಳ ಕಾಲ. ವಾರದ ಬಿಡುವು ಕುತೂಹಲವನ್ನು ಬೆಳೆಸಿದರೆ ವರ್ಷಗಳ ಬಿಡುವು ಹಕ್ಕೊತ್ತಾಯವನ್ನು ಬೆಳೆಸುತ್ತದೆ.

ಸರಣಿಯ ಒಂದು ಪಾತ್ರದ ಗತಿಯನ್ನು ಹತ್ತಿರದಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಜೂಜುಗಾರನೂ ಒಲ್ಲದ ಮನಸ್ಸಿನಿಂದಲೇ ಸೇನಾನಿಯಾದವನೂ ಆದ ಮ್ಯಾಟ್ ಓದುಗರ ಅಚ್ಚುಮೆಚ್ಚಿನ ಪಾತ್ರಗಳಲ್ಲೊಬ್ಬ. 1996ರಲ್ಲಿ ಬಂದ ಏಳನೆಯ ಸಂಪುಟ ‘ಎ ಕ್ರೌನ್ ಆಫ್ ಸ್ವೋರ್ಡ್ಸ್’ನ ಕೊನೆಯ ಭಾಗದಲ್ಲಿ, ಶತ್ರುಗಳ ದಾಳಿಗೆ ಸಿಕ್ಕ ನಗರವೊಂದರಲ್ಲಿ ಅವನ ಮೇಲೆ ಗೋಡೆ ಕುಸಿಯುತ್ತದೆ. ಅವನು ಬದುಕಿದನೇ, ಸತ್ತನೇ ಎಂದು ತಿಳಿಯಲು 1998ರ ಎಂಟನೆಯ ಸಂಪುಟ ‘ದಿ ಪಾತ್ ಆಫ್ ಡ್ಯಾಗರ್ಸ್’ ಅನ್ನು ತೆರೆದವರಿಗೆ ಅದರಲ್ಲಿ ಅವನ ದರ್ಶನವೇ ಆಗಲಿಲ್ಲ; ಅವನು ಮತ್ತೆ ಕಾಣಿಸಿಕೊಂಡದ್ದು 2000ದ ಕೊನೆಯಲ್ಲಿ ಬಂದ ‘ವಿಂಟರ್ಸ್ ಹಾರ್ಟ್’ ಸಂಪುಟದಲ್ಲಿ. ಅಂದು ಕಾದವರಿಗೆ ಇದು ನಾಲ್ಕು ವರ್ಷಗಳಿಗೂ ಮೀರಿದ ಅಗಲಿಕೆ. ಇಂದು ಸಂಪುಟಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡು ಓದುವವರಿಗೆ ಅದು ಒಂದೇ ಒಂದು ಪುಸ್ತಕದ ಅಂತರ. ಪಠ್ಯದಲ್ಲಿ ಒಂದು ಅಕ್ಷರವೂ ಬದಲಾಗದೆ ಅನುಭವ ಮಾತ್ರ ಪೂರ್ತಿ ಬದಲಾಗಿದೆ.

ಇದಕ್ಕಿಂತ ತೀಕ್ಷ್ಣವಾದ ಉದಾಹರಣೆ 2003ರ ಜನವರಿಯಲ್ಲಿ ಪ್ರಕಟವಾದ ಹತ್ತನೆಯ ಸಂಪುಟ ‘ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್’. ಒಂಬತ್ತನೆಯ ಸಂಪುಟದ ಕೊನೆಯಲ್ಲಿ ನಾಯಕ ರ‍್ಯಾಂಡ್, ನೈನೀವ್ ಎಂಬವಳ ನೆರವಿನೊಂದಿಗೆ, ಮಾಂತ್ರಿಕ ಶಕ್ತಿಯ ಪುರುಷಭಾಗಕ್ಕೆ ಅಂಟಿದ್ದ ಕಳಂಕವನ್ನು ತೊಳೆಯುತ್ತಾನೆ. ಮೊದಲ ಸಂಪುಟದಿಂದಲೂ ಕಥೆಯನ್ನು ಕಾಡುತ್ತಿದ್ದ ಶಾಪವೊಂದು ಅಲ್ಲಿಗೆ ಕಳೆಯುತ್ತದೆ. ಮುಂದಿನ ಸಂಪುಟ ಅದರ ಪರಿಣಾಮವನ್ನು ಹೇಳೀತೆಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದವರಿಗೆ ಜೋರ್ಡಾನ್ ಅವರು ಹಿಂದಕ್ಕೆ ಸರಿದು, ಆ ಮಹಾಘಟನೆ ನಡೆಯುತ್ತಿದ್ದ ಹೊತ್ತಿನಲ್ಲಿ ಉಳಿದ ಪಾತ್ರಗಳು ಎಲ್ಲೆಲ್ಲಿ ಏನೇನು ಮಾಡುತ್ತಿದ್ದವು ಎಂಬುದನ್ನು ತೋರಿಸಿದರು. ದೂರದೂರದಲ್ಲಿರುವವರು ಆ ಶಕ್ತಿಯ ಪ್ರವಾಹವನ್ನು ಮೈಮೇಲೆ ಅನುಭವಿಸುತ್ತಾರೆ, ಆದರೆ ಅದು ಏನೆಂದು ಅರಿಯರು. ಓದುಗರಿಗಾದರೋ ಅದು ಏನೆಂಬುದು ಆಗಲೇ ಗೊತ್ತು. ಕಥೆಯ ಗಡಿಯಾರ ನಿಂತೇಹೋಯಿತು ಎಂಬುದು ವ್ಯಾಪಕವಾಗಿ ಕೇಳಿಬಂದ ದೂರು. ಎಂಟರಿಂದ ಹತ್ತನೆಯವರೆಗಿನ ಸಂಪುಟಗಳನ್ನು, ಕೆಲವರ ಎಣಿಕೆಯಲ್ಲಿ ಏಳನೆಯದನ್ನೂ ಸೇರಿಸಿ, ಓದುಗರು ‘ಸ್ಲಾಗ್’ ಎಂದು ಕರೆದರು. ಕಾಲೆಳೆಯುತ್ತ ಸಾಗಬೇಕಾದ ದಾರಿ ಎಂಬ ಅರ್ಥದ ಈ ಮಾತು ಸರಣಿಯ ಓದುಗವಲಯದಲ್ಲಿ ಪಾರಿಭಾಷಿಕ ಪದದಂತೆಯೇ ನೆಲೆಯೂರಿದೆ.

ಸರಣಿ ಮುಗಿದ ಮೇಲೆ ಓದಲು ತೊಡಗಿದವರಲ್ಲಿ ಅನೇಕರು ಈ ಭಾಗದ ಬಗ್ಗೆ ಅಷ್ಟು ಕಟುವಾಗಿಲ್ಲ. ಅದೇ ಹತ್ತನೆಯ ಸಂಪುಟದಲ್ಲಿ, ಅಪಹೃತಳಾದ ಪತ್ನಿಯನ್ನು ಹುಡುಕುತ್ತಿರುವ ಪೆರಿನ್ ಸೆರೆಸಿಕ್ಕ ಶತ್ರುವೊಬ್ಬನ ಕೈಯನ್ನು ಕೊಡಲಿಯಿಂದ ಕಡಿದು, ತಾನು ಎಂಥವನಾಗಿಬಿಟ್ಟೆ ಎಂದು ಬೆಚ್ಚಿ, ಆ ಕೊಡಲಿಯನ್ನೇ ಬಿಟ್ಟು ನಡೆಯುವ ಪ್ರಸಂಗವಿದೆ. ಮೃದು ಸ್ವಭಾವದ ಕಮ್ಮಾರನೊಬ್ಬನ ನೈತಿಕ ಬಿಕ್ಕಟ್ಟನ್ನು ಅದುಮಿಟ್ಟ ದನಿಯಲ್ಲಿ ಹೇಳುವ ಈ ಪ್ರಸಂಗದ ತೂಕ, ಮುಂದಿನ ಪುಸ್ತಕ ಕೈಗೆಟುಕುವ ದೂರದಲ್ಲಿದ್ದಾಗ ಸುಲಭವಾಗಿ ಗೋಚರಿಸುತ್ತದೆ. ಹಾಗೆಂದು ಮೊದಲ ತಲೆಮಾರಿನ ಓದುಗರ ದೂರು ಸುಳ್ಳೆನ್ನಲಾಗದು. ಸಂಪುಟವೊಂದನ್ನು ಬಿಡಿಯಾಗಿ ಬೆಲೆಯಿಟ್ಟು ಮಾರಿದಾಗ ಅದನ್ನು ಬಿಡಿ ಕೃತಿಯೆಂದೇ ಅಳೆಯುವ ಅಧಿಕಾರ ಕೊಂಡವರಿಗಿದೆ. ಎರಡು ಅಭಿಪ್ರಾಯಗಳೂ ಪ್ರಾಮಾಣಿಕವಾದವು; ಅವುಗಳ ತೇದಿಯನ್ನು ಅಳಿಸಿ ಒಟ್ಟುಗೂಡಿಸಿ ಸರಾಸರಿ ತೆಗೆಯುವ ವಿಧಾನ ಮಾತ್ರ ದೋಷಪೂರ್ಣವಾದದ್ದು.

ಕಾಯುವಿಕೆ ಅಸಮಾಧಾನವನ್ನಷ್ಟೇ ಹುಟ್ಟಿಸಲಿಲ್ಲ, ಅಸಾಧಾರಣವಾದ ಸೂಕ್ಷ್ಮ ಓದನ್ನೂ ಬೆಳೆಸಿತು. 1993ರ ಐದನೆಯ ಸಂಪುಟದ ಅಂತ್ಯದಲ್ಲಿ ಅಸ್ಮೋಡಿಯನ್ ಎಂಬ ಪಾತ್ರ ಬಾಗಿಲೊಂದನ್ನು ತೆರೆದು, ಎದುರಿಗಿದ್ದವರನ್ನು ಗುರುತಿಸಿ, ಅದೇ ಕ್ಷಣದಲ್ಲಿ ಕೊಲೆಯಾಗುತ್ತದೆ. ಕೊಂದವರು ಯಾರೆಂದು ಲೇಖಕರು ಹೇಳಲಿಲ್ಲ. ಹೊಸ ಸಂಪುಟ ಬರುವ ಮುನ್ನ ಹಿಂದಿನವನ್ನೆಲ್ಲ ಮತ್ತೆ ಓದುವ ಪರಿಪಾಠ ಬೆಳೆಸಿಕೊಂಡಿದ್ದ ಓದುಗರು ಪ್ರತಿಯೊಂದು ಶಂಕಿತ ಪಾತ್ರ ಆ ಹೊತ್ತಿಗೆ ಎಲ್ಲಿತ್ತು, ಅದಕ್ಕೆ ಕೊಲ್ಲುವ ಕಾರಣವೇನಿತ್ತು ಎಂದು ಸಾಲುಸಾಲನ್ನೂ ಜಾಲಾಡಿದರು. ಗ್ರೇಂಡಾಲ್ ಎಂಬ ಉತ್ತರ 2010ರ ‘ಟವರ್ಸ್ ಆಫ್ ಮಿಡ್‌ನೈಟ್’ ಸಂಪುಟದ ಕೊನೆಯ ಶಬ್ದಸೂಚಿಯಲ್ಲಿ ದೊರೆತಾಗ ಹದಿನೇಳು ವರ್ಷಗಳಾಗಿದ್ದವು. ಉತ್ತರಕ್ಕಿಂತ ಅದರ ಹುಡುಕಾಟವೇ ಓದುಗ ಸಮುದಾಯವನ್ನು ಕಟ್ಟಿತ್ತು.

ಜೋರ್ಡಾನ್ ಅವರು 2007ರ ಸೆಪ್ಟೆಂಬರ್‌ನಲ್ಲಿ ಅಮೈಲಾಯ್ಡೋಸಿಸ್ ಎಂಬ ಅಪರೂಪದ ಕಾಯಿಲೆಯಿಂದ ನಿಧನರಾದಾಗ ಸರಣಿ ಹನ್ನೊಂದು ಸಂಪುಟಗಳಿಗೆ ನಿಂತಿತ್ತು. ಅವರು ಬಿಟ್ಟುಹೋದ ಟಿಪ್ಪಣಿಗಳ, ಬರೆದಿಟ್ಟ ಭಾಗಗಳ ಆಧಾರದಿಂದ ಕಥೆಯನ್ನು ಮುಗಿಸಲು ಹ್ಯಾರಿಯೆಟ್ ಅವರು ಯುವ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ ಅವರನ್ನು ಆರಿಸಿದರು. ಅವರು ಹದಿಹರೆಯದಿಂದ ಇದೇ ಸರಣಿಯನ್ನು ಓದುತ್ತ ಬೆಳೆದವರು; ಅಂದರೆ ಓದುಗನೊಬ್ಬನೇ ಕರ್ತೃವಿನ ಸ್ಥಾನಕ್ಕೆ ಬಂದು ನಿಂತಂತಾಯಿತು. ಕನ್ನಡದ ಓದುಗರಿಗೆ ಇಂತಹ ಪೂರ್ಣಗೊಳಿಕೆ ಹೊಸದಲ್ಲ: ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿ ಉಳಿದ ಎಂಟು ಪರ್ವಗಳನ್ನು ಬರೆದು ಪೂರ್ತಿಗೊಳಿಸಿದನು. ಆದರೆ ಭಾರತದ ಮುಂದಿನ ಕಥೆ ಕೇಳುಗರೆಲ್ಲರಿಗೂ ಗೊತ್ತಿದ್ದುದರಿಂದ ತಿಮ್ಮಣ್ಣಕವಿಗೆ ಎದುರಾದದ್ದು ಕಾವ್ಯಗುಣದ ಹೋಲಿಕೆ. ಕಥಾಂತ್ಯವೇ ಗೊತ್ತಿಲ್ಲದ ಓದುಗರ ಮುಂದೆ ನಿಂತ ಸ್ಯಾಂಡರ್ಸನ್ ಅವರು ವಿಶ್ವಾಸಾರ್ಹತೆಯ ಪರೀಕ್ಷೆಯನ್ನೂ ಎದುರಿಸಬೇಕಾಯಿತು. 2009ರಲ್ಲಿ ಬಂದ ಅವರ ಮೊದಲ ಸಂಪುಟದ ಓಟವನ್ನು ಮೆಚ್ಚಿದ ಓದುಗರೇ ಅದರಲ್ಲಿನ ಮ್ಯಾಟ್‌ನ ಮಾತಿನ ಧಾಟಿ ಹಳೆಯ ಮ್ಯಾಟ್‌ನದಲ್ಲ ಎಂದು ಎತ್ತಿ ತೋರಿಸಿದರು. ಲೇಖಕರೂ ಆ ಆಕ್ಷೇಪಕ್ಕೆ ಕಿವಿಗೊಟ್ಟರು.

ಓದುಗರ ನಡುವೆ ಒಮ್ಮತವಿದೆ ಎಂದು ಇದರಿಂದ ಭಾವಿಸಬೇಕಾಗಿಲ್ಲ. ಸರಣಿಯ ಸ್ತ್ರೀಪಾತ್ರಗಳ ಬಗ್ಗೆ ಇಂದಿಗೂ ಎರಡು ಬಣಗಳಿವೆ: ರಾಜ್ಯಗಳ ಭವಿಷ್ಯವನ್ನು ನಿರ್ಧರಿಸುವ ಸ್ತ್ರೀಸಂಸ್ಥೆಯನ್ನು ಕಥೆಯ ಕೇಂದ್ರಕ್ಕೆ ತಂದದ್ದು 1990ರ ದಶಕದ ಫ್ಯಾಂಟಸಿಯಲ್ಲಿ ದಿಟ್ಟ ಹೆಜ್ಜೆ ಎಂದು ಒಂದು ಬಣ ವಾದಿಸಿದರೆ, ಗಂಡು ಹೆಣ್ಣುಗಳ ಸ್ವಭಾವವನ್ನು ಹುಟ್ಟಿನಿಂದಲೇ ಬೇರೆಂದು ಗೆರೆಯೆಳೆದು, ಸಿಟ್ಟಿಗೆ ಜಡೆ ಎಳೆದುಕೊಳ್ಳುವಂತಹ ಚರ್ಯೆಗಳನ್ನು ಮತ್ತೆಮತ್ತೆ ತಂದದ್ದು ದೋಷವೆಂದು ಇನ್ನೊಂದು ಬಣ ಹೇಳುತ್ತದೆ. ಸರಣಿಯನ್ನು ಒಂದೇ ಕೃತಿಯೆಂದು ಅಳೆಯಬೇಕೇ, ಬಿಡಿ ಸಂಪುಟಗಳೆಂದೇ ಎಂಬ ಪ್ರಶ್ನೆ ಪ್ರಶಸ್ತಿಯ ವಲಯದಲ್ಲಿಯೂ ಎದ್ದಿತು. ವಿಶ್ವ ವಿಜ್ಞಾನ ಕಥಾ ಸಮಾವೇಶದ ಸದಸ್ಯರು ಮತ ಹಾಕಿ ನೀಡುವ ಹ್ಯೂಗೋ ಪ್ರಶಸ್ತಿಗೆ 2014ರಲ್ಲಿ ಇಡೀ ಸರಣಿಯೇ ಒಂದು ಕಾದಂಬರಿಯೆಂದು ಅಂತಿಮ ಪಟ್ಟಿ ಸೇರಿತು. ಬಹುಮಾನ ಆನ್ ಲೆಕಿ ಅವರ ‘ಆನ್ಸಿಲರಿ ಜಸ್ಟಿಸ್’ ಕೃತಿಗೆ ಸಂದಿತು. ಸರಣಿಗಳಿಗೆಂದೇ ಪ್ರತ್ಯೇಕ ವಿಭಾಗ 2017ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ ಆಮೇಲೆ ಕಾಯಂ ಆಯಿತು.

ಈ ಹಿನ್ನೆಲೆಯಲ್ಲಿ ಗೋಷ್ಠಿಗಳು ಗಮನಿಸಬೇಕಾದ ಇನ್ನೊಂದು ತೊಡಕೂ ಇದೆ. ಹತ್ತನೆಯ ಸಂಪುಟದ ಬಗ್ಗೆ ಮಾತನಾಡುವವರು ಒಂಬತ್ತನ್ನು ಓದಿ ಮುಗಿಸಿದವರು. ಮೂರನೆಯದಕ್ಕೋ ಐದನೆಯದಕ್ಕೋ ಕೈಬಿಟ್ಟವರ ದನಿ ಅಲ್ಲಿ ಇರುವುದೇ ಇಲ್ಲ. ಆದ್ದರಿಂದ ಕೊನೆಯ ಸಂಪುಟಗಳಿಗೆ ಸಿಗುವ ಮೆಚ್ಚುಗೆಯಲ್ಲಿ ಉಳಿದುಕೊಂಡವರ ನಿಷ್ಠೆಯ ಪಾಲೂ ಇರುತ್ತದೆ, ಬಿಟ್ಟುಹೋದವರ ಮೌನವೂ ಒಂದು ಅಭಿಪ್ರಾಯವೇ ಆಗಿರುತ್ತದೆ. ಓದುಗರ ಮಾತನ್ನು ಪುರಾವೆಯಾಗಿ ಬಳಸುವ ಪ್ರತಿಯೊಂದು ಪ್ರಬಂಧವೂ ಆ ಮಾತು ಯಾವ ವರ್ಷದ್ದು, ಸರಣಿಯ ಯಾವ ಘಟ್ಟದಲ್ಲಿ ಹೇಳಿದ್ದು, ಹೇಳಿದವರು ಕಾದು ಓದಿದವರೇ ಅಥವಾ ಒಟ್ಟಿಗೆ ಓದಿದವರೇ ಎಂಬ ಮೂರು ವಿವರಗಳನ್ನು ನಮೂದಿಸಬೇಕು. ಇಷ್ಟು ಶಿಸ್ತನ್ನು ಈ ಎರಡು ದಿನಗಳ ಗೋಷ್ಠಿಗಳು ರೂಢಿಸಿದರೆ, ಓದುಗರ ಅಭಿಪ್ರಾಯವು ವಿಮರ್ಶೆಯ ಅಂಚಿನ ಟಿಪ್ಪಣಿಯಾಗಿ ಉಳಿಯದೆ ಸಾಹಿತ್ಯ ಚರಿತ್ರೆಯ ಆಕರವಾಗುತ್ತದೆ. ಪ್ರಬಂಧಕಾರರು ಆ ಹೊಣೆಯನ್ನು ವಹಿಸಿಕೊಳ್ಳಬೇಕೆಂಬುದೇ ಈ ಸಂಕಿರಣದ ಆಶಯ.