ಕಂಬಳದ ಕರೆಯಲ್ಲಿ ಬಲದ ಲೆಕ್ಕ

ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ಬಸ್ಸು ತೋಡಾರಿನಲ್ಲಿ ನಿಂತು ಮತ್ತೆ ಹೊರಟಾಗ, ಒಳಗೆ ನಿಂತವರು ಹಿಂದಕ್ಕೆ ವಾಲುವುದನ್ನು ತಾವು ಕಂಡಿರಬಹುದು. ಅವರನ್ನು ಯಾರೂ ಹಿಂದಕ್ಕೆ ನೂಕಿಲ್ಲ. ಕಾಲು ಬಸ್ಸಿನೊಡನೆ ಹೊರಟಿತು, ಮೈ ಇದ್ದಲ್ಲಿಯೇ ಉಳಿಯಿತು, ಅಷ್ಟೆ. ಈ ಜಡತ್ವವೇ 1687ರಲ್ಲಿ ನ್ಯೂಟನ್ನನು ಪ್ರಕಟಿಸಿದ ಮೊದಲ ನಿಯಮದ ತಿರುಳು. ತೊಡಕು ಬರುವುದು ಹಲವು ಬಲಗಳು ಒಟ್ಟಿಗೆ ಕೂಡಿದಾಗ.

ಅದನ್ನು ತಿಳಿಯಲು ಕಂಬಳದ ಗದ್ದೆಗೆ ಹೋಗೋಣ. 2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಭಾಗಾಕಾರ ಮಾಡಿದವರು, ನೂರು ಮೀಟರಿಗೆ 9.55 ಸೆಕೆಂಡು ಎಂದರು. ಉಸೇನ್ ಬೋಲ್ಟನ 2009ರ ದಾಖಲೆ 9.58! ದೇಶವೆಲ್ಲ ಬೆರಗಾಯಿತು, ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಕರೆಯೂ ಬಂತು. ಗೌಡರು ಒಪ್ಪಲಿಲ್ಲ. ಅವರ ವಿವೇಕ ನಮ್ಮ ಭಾಗಾಕಾರಕ್ಕಿಂತ ದೊಡ್ಡದೆಂದು ನನ್ನ ಭಾವನೆ.

ಏಕೆಂದರೆ ಬೋಲ್ಟನನ್ನು ಮುಂದಕ್ಕೆ ನೂಕಿದ್ದು ಅವನ ಪಾದಕ್ಕೆ ನೆಲ ಕೊಟ್ಟ ಒತ್ತು ಮಾತ್ರ. ಕಂಬಳದ ಓಟಗಾರನಿಗೆ ಅದರ ಜೊತೆಗೆ ಕೋಣಗಳ ಸೆಳೆತವುಂಟು. ಎದುರಿಗೆ ಕೆಸರೂ ನೀರೂ ತಡೆಯುತ್ತವೆ. ಮುಂದಿನ ಬಲಗಳನ್ನು ಕೂಡಿಸಿ ಹಿಂದಿನದನ್ನು ಕಳೆದರೆ ಉಳಿಯುವುದೇ ನಿವ್ವಳ ಬಲ. ವೇಗ ಹೆಚ್ಚಿಸುವುದು ಈ ಉಳಿಕೆಯೇ.

ಓಟಗಾರನ ತೂಕ 70 ಕಿಲೋ ಎಂದಿಟ್ಟುಕೊಳ್ಳಿ. ಐದು ಸೆಕೆಂಡಿನಲ್ಲಿ ಅವನ ವೇಗ ಸೆಕೆಂಡಿಗೆ ಹತ್ತು ಮೀಟರಿಗೆ ಏರಬೇಕಾದರೆ ಪ್ರತಿ ಸೆಕೆಂಡಿಗೆ ಎರಡು ಮೀಟರಿನಷ್ಟು ವೇಗ ಕೂಡುತ್ತಿರಬೇಕು. ಎರಡನೆಯ ನಿಯಮದಂತೆ 70ನ್ನು 2ರಿಂದ ಗುಣಿಸಿ, 140 ನ್ಯೂಟನ್. ಇದು ಉಳಿಯಬೇಕಾದ ಬಲ. ಕೆಸರು 100 ನ್ಯೂಟನ್ ತಡೆದರೆ, ಮುಂದಕ್ಕೆ 240 ಬೇಕು. ಅದರಲ್ಲಿ ಕೋಣಗಳ ಪಾಲೆಷ್ಟು, ಕಾಲಿನ ಪಾಲೆಷ್ಟು? ಗಡಿಯಾರ ಅದನ್ನು ಹೇಳದು. ಪೂರ್ಣ ವೇಗ ಬಂದಮೇಲೆ ಅದು ಏರದೆ ಇಳಿಯದೆ ಇದ್ದರೆ ನಿವ್ವಳ ಬಲ ಸೊನ್ನೆ! ಆದರೂ ಓಟಗಾರ ಏದುಸಿರು ಬಿಡುತ್ತಾನೆ. ಕೆಸರಿನ ಸಾಲ ತೀರಿಸುತ್ತಲೇ ಇರಬೇಕಲ್ಲ.

ಇನ್ನು ಮೂರನೆಯ ನಿಯಮ. ಕೋಣ ಓಟಗಾರನನ್ನು ಎಳೆದಷ್ಟೇ ಬಲದಿಂದ ಓಟಗಾರ ಕೋಣವನ್ನು ಹಿಂದಕ್ಕೆ ಎಳೆಯುತ್ತಾನೆ. ಹಾಗಾದರೆ ಎರಡೂ ವಜಾ ಆಗಿ ಎಲ್ಲರೂ ನಿಲ್ಲಬೇಡವೇ ಎಂದು ಮಕ್ಕಳು ಕೇಳುವುದುಂಟು, ಕೇಳಬೇಕಾದ ಪ್ರಶ್ನೆಯೇ. ಒಂದು ಎಳೆತ ಓಟಗಾರನ ಮೇಲಿದೆ, ಇನ್ನೊಂದು ಕೋಣದ ಮೇಲಿದೆ. ಒಬ್ಬನ ಖಾತೆಯ ಜಮೆಯನ್ನು ಇನ್ನೊಬ್ಬನ ಖರ್ಚಿಗೆ ವಜಾ ಮಾಡಲಾಗದು. ಕೋಣ ಗೊರಸಿನಿಂದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಕೋಣವನ್ನು ಮುಂದಕ್ಕೆ ಒತ್ತುತ್ತದೆ. ಈ ಒತ್ತು ಓಟಗಾರನ ಎಳೆತವನ್ನೂ ಕೆಸರಿನ ತಡೆಯನ್ನೂ ಮೀರಿದರೆ ಕೋಣದ ವೇಗ ಏರುತ್ತದೆ.

ಮುಂದಿನ ಕಂಬಳಕ್ಕೆ ಹೋದಾಗ ಮಂಜೊಟ್ಟಿಯ ಬಳಿ ನಿಂತು ನೋಡಿ. ಅಲ್ಲಿ ನೆಲ ಮೇಲಕ್ಕೆ ಏರುತ್ತದೆ. ಆ ಏರು ಕೋಣಗಳ ವೇಗವನ್ನು ಕುಗ್ಗಿಸುತ್ತದೆ, ಓಟಗಾರನ ಮೈ ಮಾತ್ರ ಇನ್ನೂ ಮುಂದಕ್ಕೇ ಧಾವಿಸುತ್ತದೆ: ತೋಡಾರಿನಲ್ಲಿ ಬ್ರೇಕು ಬಿದ್ದ ಬಸ್ಸಿನ ಪ್ರಯಾಣಿಕನಂತೆಯೇ.