ಬಾವಿಯ ನೀರೂ ಸಾಬೂನಿನ ನೊರೆಯೂ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಬೆಳೆದ ಹಿರಿಯರನ್ನು ಕೇಳಿ ನೋಡಿ. ನಲ್ಲಿಯ ನೀರಿನಲ್ಲಿ ಬೇಳೆ ಬೇಗ ಬೇಯುತ್ತಿತ್ತು, ಹಿತ್ತಲ ಬಾವಿಯ ನೀರಿನಲ್ಲಿ ಸಾಬೂನು ಎಷ್ಟು ಉಜ್ಜಿದರೂ ನೊರೆ ಬರುತ್ತಿರಲಿಲ್ಲ ಎನ್ನುತ್ತಾರೆ. ನಲ್ಲಿಗೆ 1896ರಲ್ಲಿ ಹೆಸರಘಟ್ಟದ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ಕಾವೇರಿಯದು. ಬಾವಿಯ ನೀರಾದರೋ ನೆಲದೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗಿರುತ್ತದೆ. ಈಗ ಬಾವಿಯ ಜಾಗಕ್ಕೆ ಕೊಳವೆಬಾವಿ ಬಂದಿದೆ. ನೀರನ್ನು ಮೆದುಮಾಡುವ ಯಂತ್ರ ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆಯೂ ಬಂದಿದೆ. ಹಣ ತೆರುವ ಮುನ್ನ, ಗಡಸು ಎಷ್ಟು ಎಂದು ತಿಳಿಯಬೇಡವೇ?

ಸಾಬೂನಿನಿಂದಲೇ ಅಳೆಯುವ ಉಪಾಯವನ್ನು ಅಬರ್ಡೀನಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಥಾಮಸ್ ಕ್ಲಾರ್ಕ್ 1840ರ ದಶಕದಲ್ಲಿ ತೋರಿಸಿಕೊಟ್ಟರು. ಗಡಸು ಹೆಚ್ಚಿದಷ್ಟೂ ನೊರೆ ನಿಲ್ಲಲು ಬೇಕಾದ ಸಾಬೂನು ಹೆಚ್ಚುತ್ತದೆ. (ಬಟ್ಟೆ ಒಗೆಯುವ ಪುಡಿ ಇಲ್ಲಿ ನಡೆಯದು, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ.)

ಲೀಟರಿಗೆ 50, 100, 200, 300 ಮಿಲಿಗ್ರಾಂ ಗಡಸುತನವಿರುವಂತೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ನಾಲ್ಕು ನೀರುಗಳನ್ನು ತೆಗೆದುಕೊಂಡಿರೆನ್ನಿ. ಅಲುಗಾಡಿಸಿದಾಗ ನೊರೆ ನಿಲ್ಲಲು ಅವುಗಳಿಗೆ 3.1, 5.0, 9.1, 12.9 ಮಿಲಿಲೀಟರ್ ಸಾಬೂನು ದ್ರಾವಣ ಹಿಡಿಯಿತೆನ್ನೋಣ. ಭಾಗಿಸಿ ನೋಡಿ: 0.062, 0.050, 0.0455, 0.043. ಒಂದಕ್ಕೊಂದು ಹೊಂದುವುದಿಲ್ಲ! ಸ್ಥಿರಾಂಕವೆಂಬುದು ಜಾರುತ್ತಿದೆ.

ತಪ್ಪು ನೀರಿನದಲ್ಲ, ನಮ್ಮ ಲೆಕ್ಕದ್ದು. ಗಡಸೇ ಇಲ್ಲದ, ಭಟ್ಟಿ ಇಳಿಸಿದ ನೀರಿಗೂ ನೊರೆಯೇಳಲು ಒಂದಿಷ್ಟು ಸಾಬೂನು ಬೇಕು. ಅದನ್ನೂ ಅಳೆಯಿರಿ, 1.0 ಮಿಲಿಲೀಟರ್ ಬಂತೆನ್ನಿ. ಎಲ್ಲದರಿಂದ ಅದನ್ನು ಕಳೆದು ಭಾಗಿಸಿದರೆ 0.042, 0.040, 0.0405, 0.0397. ಈಗ ಸ್ಥಿರಾಂಕ ಸುಮಾರು 0.04 ಎನ್ನಬಹುದು. ಮೊದಲನೆಯದು ಕೊಂಚ ಬೇರೆ ಬಂದುದಕ್ಕೆ ಹೆದರಬೇಡಿ. ಅಳತೆಯಲ್ಲಿ 0.1 ತಪ್ಪಿದರೆ 2.1ರಲ್ಲಿ ಅದು ನೂರಕ್ಕೆ ಐದು, 11.9ರಲ್ಲಿ ಒಂದಕ್ಕಿಂತ ಕಡಿಮೆ. ಆದಕಾರಣ ನಾಲ್ಕರ ಸರಾಸರಿ ತೆಗೆಯುವುದಕ್ಕಿಂತ, ನಕ್ಷೆಯ ಕಾಗದದಲ್ಲಿ ಬಿಂದುಗಳನ್ನಿಟ್ಟು ಅವುಗಳ ನಡುವೆ ಗೆರೆ ಎಳೆದು ಅದರ ಇಳಿಜಾರನ್ನು ನೋಡುವುದು ನನಗೆ ಮೆಚ್ಚು.

ನಿಮ್ಮ ಕೊಳವೆಬಾವಿಯ ಅಷ್ಟೇ ನೀರು 11.0 ಮಿಲಿಲೀಟರ್ ಕುಡಿಯಿತೆನ್ನಿ. ಮೊದಲ ಅಳತೆಯ 0.062ರಿಂದ ಭಾಗಿಸಿದವರಿಗೆ 177 ಸಿಗುತ್ತದೆ. ಭಾರತೀಯ ಮಾನಕದ (2012) ಒಪ್ಪಿತ ಮಿತಿ 200ರೊಳಗೇ ಇದೆಯೆಂದು ಸುಮ್ಮನಾಗುತ್ತಾರೆ. ಒಂದನ್ನು ಕಳೆದು 0.04ರಿಂದ ಭಾಗಿಸಿದರೆ 250. ಬೇರೆ ನೀರಿಲ್ಲದಿದ್ದರೆ 600ರವರೆಗೂ ಆದೀತೆಂದು ಅದೇ ಮಾನಕ ಹೇಳುತ್ತದೆ, ಕುಡಿಯಲು ಅಂಜಬೇಕಾಗಿಲ್ಲ. ಆದರೆ ಬಚ್ಚಲ ಹಂಡೆಯಲ್ಲಿ ಹಕ್ಕಳೆ ಕಟ್ಟುತ್ತಿರುವುದು ಏಕೆಂದು ಈಗ ತಿಳಿಯಿತು.